ಅಪ್ಪನ ಪರವಾಗಿ ಸಹಿ ಹಾಕುವವರು ಯಾರು?

ಪ್ರಶ್ನೆ: ನಮ್ಮದು ಪಾವಗಡ ತಾಲ್ಲೂಕಿನ ತಿರುಮಣಿ ಕಡೆಯ ಹಳ್ಳಿ. ಅಪ್ಪನಿಗೆ 74 ವರ್ಷ. ಆರು ಎಕರೆ ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿದೆ, ಉಳಿದ ಎರಡು ಎಕರೆಗೆ ಶೇಂಗಾ ಹಾಕುತ್ತೇವೆ. ಮಧುಗಿರಿಯಲ್ಲಿ ಅಪ್ಪ ಸ್ವಂತ ದುಡಿಮೆಯಿಂದ ಕೊಂಡ ಮನೆಯಿದೆ, ಬಾಡಿಗೆಗೆ ಕೊಟ್ಟಿದ್ದೇವೆ. ಈಚೆಗೆ ಅಪ್ಪನಿಗೆ ಮರೆವು ಹೆಚ್ಚಾಗಿದೆ. ತುಮಕೂರಿನ ವೈದ್ಯರು ಡಿಮೆನ್ಷಿಯಾದ ಆರಂಭ ಎಂದಿದ್ದಾರೆ. ಮಾತ್ರೆ ಕೊಡುವುದೆಲ್ಲ ಅಮ್ಮನೇ. ನಾನು ಹಿರಿಯ ಮಗ, ಶಿರಾದಲ್ಲಿ ಅಂಗಡಿ ಇಟ್ಟಿದ್ದೇನೆ. ತಂಗಿಯನ್ನು ಕೊರಟಗೆರೆಗೆ ಕೊಟ್ಟಿದ್ದೇವೆ. ತಮ್ಮ ಲಂಡನ್‌ನಲ್ಲಿದ್ದಾನೆ. ಅಲ್ಲಿ ‘ಲಾಸ್ಟಿಂಗ್ ಪವರ್ ಆಫ್ ಅಟಾರ್ನಿ’ ಅಂತ ಇದೆಯಂತೆ, ಎಷ್ಟು ಜನರ ಹೆಸರು ಬೇಕಾದರೂ ಹಾಕಬಹುದಂತೆ, ನಮ್ಮ ಮೂವರ ಹೆಸರಿಗೂ ಹಾಗೇ ಮಾಡಿಸು ಅನ್ನುತ್ತಾನೆ. ಚಿಕ್ಕಪ್ಪ ಮಾತ್ರ ‘ನಿನ್ನೊಬ್ಬನ ಹೆಸರಿಗೆ ಜಿಪಿಎ ಮಾಡಿಸಿಕೋ, ಕೊಟ್ಟ ಹೆಣ್ಣಿನ ಹೆಸರು ಯಾಕೆ’ ಎನ್ನುತ್ತಾರೆ. ಮೂವರಿದ್ದರೆ ಪ್ರತಿ ಸಲವೂ ಮೂವರೂ ಸಹಿ ಹಾಕಬೇಕಾ? ಒಬ್ಬನೇ ಆದರೆ ಉಳಿದವರ ಮನಸ್ಸು ಮುರಿಯುತ್ತದೆಯೇ? ಅಪ್ಪನಿಗೆ ಇನ್ನೂ ವಿಷಯ ತಿಳಿಸಿಲ್ಲ. ರಾತ್ರಿ ನಿದ್ದೆ ಬರುತ್ತಿಲ್ಲ.

ಉತ್ತರ: ನಿಮ್ಮ ತಮ್ಮ ಹೇಳಿದ ಕಾಗದ ಇಂಗ್ಲೆಂಡಿನಲ್ಲಿ ಇರುವುದು ನಿಜ. ಅಲ್ಲಿ 2005ರಲ್ಲಿ ಒಂದು ಕಾಯ್ದೆ ಬಂತು, 2007ರ ಅಕ್ಟೋಬರ್‌ನಿಂದ ಅದರಡಿ ಇಂಥ ಪತ್ರಗಳು ಆಗುತ್ತಿವೆ. ಮನುಷ್ಯನ ಬುದ್ಧಿ ಕೈಕೊಟ್ಟ ಮೇಲೂ ಅವನು ನಂಬಿದವರು ಅವನ ಪರವಾಗಿ ವ್ಯವಹಾರ ನಡೆಸಲಿ ಎಂದೇ ಅದನ್ನು ಮಾಡಿರುವುದು. ಹಣಕಾಸಿಗೆ ಒಂದು ಪತ್ರ, ಆರೋಗ್ಯಕ್ಕೆ ಇನ್ನೊಂದು. ಒಬ್ಬರನ್ನೂ ನೇಮಿಸಬಹುದು, ಹಲವರನ್ನೂ ನೇಮಿಸಬಹುದು, ಅವರಿಗೆ ಬದಲಿಯಾಗಿ ಬರುವವರ ಹೆಸರನ್ನೂ ಬರೆದಿಡಬಹುದು. ತಮ್ಮ ತನ್ನ ಲಂಡನ್ ಮನೆಗೆ, ಅಲ್ಲಿನ ಬ್ಯಾಂಕ್ ಖಾತೆಗೆ ಅದನ್ನು ಮಾಡಿಸಿಕೊಳ್ಳಲಿ. ಪಾವಗಡದ ಜಮೀನಿಗೆ ಅದು ಬರುವುದಿಲ್ಲ.

ನಮ್ಮಲ್ಲಿ ಅಧಿಕಾರ ಪತ್ರ, ಅಂದರೆ ನಿಮ್ಮ ಚಿಕ್ಕಪ್ಪ ಹೇಳುವ ಜಿಪಿಎ, ನಿಂತಿರುವುದು 1872ರ ಭಾರತೀಯ ಕರಾರು ಕಾಯ್ದೆಯ ಮೇಲೆ. ಅದರ 201ನೇ ಕಲಮಿನ ಪ್ರಕಾರ, ಅಧಿಕಾರ ಕೊಟ್ಟವರು ತೀರಿಕೊಂಡರೆ ಅಥವಾ ಅವರ ಸ್ವಸ್ಥಚಿತ್ತ ಹೋದರೆ ಪ್ರತಿನಿಧಿಯ ಅಧಿಕಾರ ಅಲ್ಲಿಗೇ ಮುಗಿಯಿತು. ತಾಲ್ಲೂಕು ಕಚೇರಿಯ ಎದುರು ಬರೆದುಕೊಡುವವರು ‘ಶಾಶ್ವತ’, ‘ರದ್ದುಪಡಿಸಲಾಗದ್ದು’ ಎಂಬ ಸಾಲು ಸೇರಿಸುತ್ತೇವೆ ಎನ್ನುತ್ತಾರೆ. ಸೇರಿಸಿದರೂ ಪ್ರಯೋಜನವಿಲ್ಲ. ಪ್ರತಿನಿಧಿಗೇ ಆ ಆಸ್ತಿಯಲ್ಲಿ ಸ್ವಂತ ಹಿತಾಸಕ್ತಿ ಇರುವ ವ್ಯವಹಾರಕ್ಕೆ, ಉದಾಹರಣೆಗೆ ಕೊಟ್ಟ ಸಾಲದ ವಸೂಲಿಗೆ, 202ನೇ ಕಲಮಿನಲ್ಲಿ ವಿನಾಯಿತಿ ಇದೆ. ಅಪ್ಪನ ಸಲುವಾಗಿ ಮಕ್ಕಳು ಓಡಾಡುವುದಕ್ಕೆ ಆ ವಿನಾಯಿತಿ ಸಿಗುವುದಿಲ್ಲ.

ಅಂದರೆ ನಿಮಗೆ ಈ ಕಾಗದ ಯಾವಾಗ ಅತಿ ಹೆಚ್ಚು ಬೇಕಾಗುತ್ತದೋ ಆಗಲೇ ಅದು ಕೆಲಸಕ್ಕೆ ಬಾರದಾಗುತ್ತದೆ. ಇದನ್ನು ನಾನು ಮೃದುಗೊಳಿಸಿ ಹೇಳಲಾರೆ. ಅಧಿಕಾರ ಪತ್ರದ ಮೇಲೆ ಎಷ್ಟು ಹೆಸರು ಎಂಬುದಕ್ಕಿಂತ, ಅಪ್ಪನ ಬುದ್ಧಿ ನೆಟ್ಟಗಿರುವ ಈ ತಿಂಗಳುಗಳನ್ನು ಏನಕ್ಕೆ ಬಳಸಿಕೊಳ್ಳುತ್ತೀರಿ ಎಂಬುದು ದೊಡ್ಡದು. ಬುದ್ಧಿ ಕೈಕೊಟ್ಟ ಮೇಲೆ ಸಲೀಸಾದ ದಾರಿಯಿಲ್ಲ. ಹಳೆಯ 1987ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಇಂಥವರ ಆಸ್ತಿ ನೋಡಿಕೊಳ್ಳಲು ವ್ಯವಸ್ಥಾಪಕರನ್ನು ಜಿಲ್ಲಾ ನ್ಯಾಯಾಲಯವೇ ನೇಮಿಸುವ ಅವಕಾಶ ಇತ್ತು. ಅದರ ಜಾಗಕ್ಕೆ ಬಂದ 2017ರ ಕಾಯ್ದೆ ಚಿಕಿತ್ಸೆಯ ಹಕ್ಕುಗಳನ್ನು ವಿಸ್ತಾರವಾಗಿ ಬರೆಯಿತು, ಆಸ್ತಿಯ ಮಾತನ್ನು ಬಿಟ್ಟಿತು. ಹಾಗಾಗಿ ಕುಟುಂಬಗಳು ಹೈಕೋರ್ಟಿನ ಮೊರೆ ಹೋಗುತ್ತಿವೆ. ಪ್ರಜ್ಞೆ ಕಳೆದುಕೊಂಡು ಮಲಗಿದವರಿಗೆ ಪಾಲಕರನ್ನು ನೇಮಿಸುವ ಕ್ರಮವನ್ನು ಕೇರಳ ಹೈಕೋರ್ಟ್ 2019ರಲ್ಲಿ ಶೋಭಾ ಗೋಪಾಲಕೃಷ್ಣನ್ ಪ್ರಕರಣದಲ್ಲಿ ರೂಪಿಸಿತು. ನಿಮಗೂ ಹೈಕೋರ್ಟೇ ದಾರಿಯಾದರೆ ಬೆಂಗಳೂರಿಗೆ ಅಲೆಯುವುದು, ವಕೀಲರ ಶುಲ್ಕ, ವೈದ್ಯರ ವರದಿಗಳು, ಎಲ್ಲ ವಾರಸುದಾರರ ಒಪ್ಪಿಗೆ. ಶಿರಾದಲ್ಲಿ ಅಂಗಡಿ ತೆರೆದಿಟ್ಟುಕೊಂಡು ಇದನ್ನು ನಡೆಸುವುದು ಎಷ್ಟು ಕಷ್ಟ ಎಂದು ನಿಮಗೇ ಗೊತ್ತು.

ಈಗ ಸಮಾಧಾನದ ಮಾತು. ಡಿಮೆನ್ಷಿಯಾ ಎಂದು ವೈದ್ಯರು ಚೀಟಿಯಲ್ಲಿ ಬರೆದ ದಿನವೇ ಅಪ್ಪ ಸಹಿ ಹಾಕುವ ಹಕ್ಕು ಕಳೆದುಕೊಂಡಿಲ್ಲ. ಅದೇ ಕರಾರು ಕಾಯ್ದೆಯ 12ನೇ ಕಲಂ ನೋಡುವುದು, ಸಹಿ ಹಾಕುವ ಹೊತ್ತಿನಲ್ಲಿ ವಿಷಯ ಅರ್ಥವಾಗಿ, ತನ್ನ ಹಿತಕ್ಕೆ ಅದರ ಪರಿಣಾಮವೇನು ಎಂದು ತೂಗಿ ನೋಡುವ ಶಕ್ತಿ ಇತ್ತೇ ಎಂಬುದನ್ನು. ಬೆಳಿಗ್ಗೆ ತಿಂದ ತಿಂಡಿ ನೆನಪಿಲ್ಲದವರಿಗೂ ಯಾವ ಮಗುವಿಗೆ ಯಾವ ಕೆಲಸ ಒಪ್ಪಿಸಬಹುದು ಎಂಬುದು ಚೆನ್ನಾಗಿ ಗೊತ್ತಿರುತ್ತದೆ. ತನ್ನ ಜಮೀನೆಷ್ಟು, ಮನೆ ಎಲ್ಲಿದೆ, ಮಕ್ಕಳು ಯಾರು, ಈ ಕಾಗದದಿಂದ ಅವರು ಏನು ಮಾಡಬಹುದು, ಬೇಡವೆನಿಸಿದರೆ ತಾನೇ ಅದನ್ನು ರದ್ದು ಮಾಡಬಹುದು ಎಂಬುದನ್ನು ಅಪ್ಪ ತಮ್ಮ ಮಾತಲ್ಲೇ ಹೇಳಬಲ್ಲರೆ ಸಾಕು.

ಆದ್ದರಿಂದ ಮೊದಲ ಕೆಲಸ ಅಪ್ಪನ ಹತ್ತಿರ ಮಾತಾಡುವುದು. ತಮ್ಮ, ಚಿಕ್ಕಪ್ಪ, ನಾನು, ನೀವು ಇಷ್ಟು ಜನ ಚರ್ಚೆ ಮಾಡುತ್ತಿದ್ದೇವೆ, ಅಧಿಕಾರ ಕೊಡಬೇಕಾದವರಿಗೇ ಸುದ್ದಿಯಿಲ್ಲ. ‘ನಿಮಗೆ ಮರೆವು, ಸಹಿ ಹಾಕಿ’ ಎಂದು ಶುರುಮಾಡಬೇಡಿ. ‘ಬ್ಯಾಂಕಿಗೆ, ನಾಡಕಚೇರಿಗೆ ನಿಮ್ಮ ಬದಲು ಯಾರು ಓಡಾಡಲಿ ಅಂತ ನೀವೇ ಹೇಳಿ’ ಎಂದು ಕೇಳಿ. ಅಮ್ಮ ಪಕ್ಕದಲ್ಲಿರಲಿ. ಬೆಳಗಿನ ಹೊತ್ತು ಆರಿಸಿಕೊಳ್ಳಿ, ಈ ಕಾಯಿಲೆಯಲ್ಲಿ ಸಂಜೆಯಾದಂತೆ ಗೊಂದಲ ಹೆಚ್ಚುವುದು ಸಾಮಾನ್ಯ. ಅವರು ನಿಮ್ಮ ಹೆಸರು ಹೇಳದೆ ತಂಗಿಯ ಹೆಸರು ಹೇಳಿದರೆ ಅದನ್ನು ಒಪ್ಪಿಕೊಳ್ಳುವ ಮನಸ್ಸು ಮಾಡಿಕೊಂಡೇ ಕೂರಿ.

ಇನ್ನು ನೀವು ಕೇಳಿದ ನೇರ ಪ್ರಶ್ನೆ. ನಮ್ಮ ಕಾನೂನಿನಲ್ಲೂ ಒಂದೇ ಪತ್ರದಲ್ಲಿ ಹಲವರಿಗೆ ಅಧಿಕಾರ ಕೊಡಬಹುದು. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ ಪಟ್ಟಿಯಲ್ಲೇ ಐದು ಜನರವರೆಗೆ ಒಂದು ದರ, ಅದಕ್ಕಿಂತ ಹೆಚ್ಚಾಗಿ ಹತ್ತರವರೆಗೆ ಇನ್ನೊಂದು ದರ ಎಂದಿದೆ. ಆದರೆ ಸುಮ್ಮನೆ ಮೂರು ಹೆಸರು ಬರೆದು ಬಿಟ್ಟರೆ, ಮೂವರೂ ಕೂಡಿಯೇ ಮಾಡಬೇಕು ಎಂದು ಅರ್ಥವಾಗುತ್ತದೆ. ಆಗ ಬಾಡಿಗೆ ರಸೀದಿಗೂ ಲಂಡನ್‌ನಿಂದ ಸಹಿ ಬರಬೇಕು. ಮೂವರಲ್ಲಿ ಒಬ್ಬರು ಇಲ್ಲವಾದರೆ ಅಥವಾ ಒಲ್ಲೆ ಎಂದರೆ ಪತ್ರವೇ ಕೂತುಹೋಗುವ ಅಪಾಯವೂ ಇದೆ. ‘ಜಂಟಿಯಾಗಿ ಹಾಗೂ ಪ್ರತ್ಯೇಕವಾಗಿ’ ಎಂದು ಬರೆಸಿದರೆ ಯಾರೊಬ್ಬರ ಸಹಿಯೂ ನಡೆಯುತ್ತದೆ. ಆಗ ಇನ್ನೊಂದು ಅಪಾಯ: ಒಬ್ಬರು ಒಂದು ಮಧ್ಯಾಹ್ನ ಹೋಗಿ ಮಧುಗಿರಿ ಮನೆಯನ್ನು ಅಡವಿಟ್ಟು ಬಂದರೆ ಉಳಿದಿಬ್ಬರಿಗೆ ಸುದ್ದಿ ಮುಟ್ಟುವುದು ಆಮೇಲೆ.

ನಾನಾಗಿದ್ದರೆ ಸಣ್ಣ ಕೆಲಸ, ದೊಡ್ಡ ಕೆಲಸ ಎರಡನ್ನೂ ಬೇರ್ಪಡಿಸುತ್ತೇನೆ. ದಿನದ ಕೆಲಸಗಳಿಗೆ, ಅಂದರೆ ಬಾಡಿಗೆ ವಸೂಲಿ, ಕಂದಾಯ, ವಿದ್ಯುತ್ ಬಿಲ್, ಪಹಣಿ ತಿದ್ದುಪಡಿ, ಬೆಳೆ ವಿಮೆ, ಆಸ್ಪತ್ರೆ ಖರ್ಚು ಇವಕ್ಕೆ ಯಾರೊಬ್ಬರಾದರೂ ಸಹಿ ಹಾಕಲಿ. ಅಡಮಾನ, ಸಾಲ, ದೀರ್ಘ ಗುತ್ತಿಗೆ ಇವಕ್ಕೆ ಊರ ಹತ್ತಿರ ಇರುವ ಇಬ್ಬರ ಸಹಿ ಕಡ್ಡಾಯವಿರಲಿ, ಮೂರನೆಯವರಿಗೆ ಮೊದಲೇ ಬರಹದಲ್ಲಿ ತಿಳಿಸಬೇಕು ಎಂಬ ಷರತ್ತೂ ಇರಲಿ. ಒಬ್ಬರು ಬಿಟ್ಟುಹೋದರೆ ಉಳಿದವರ ಅಧಿಕಾರ ಮುಂದುವರಿಯುತ್ತದೆ ಎಂಬ ಸಾಲನ್ನು ಮರೆಯಬೇಡಿ. ಮಾರಾಟದ ಅಧಿಕಾರವನ್ನು ಹಾಕಿಸಲೇಬೇಡಿ. ಈಗ ಮಾರುವ ಅಗತ್ಯ ನಿಮ್ಮ ಪತ್ರದಲ್ಲೆಲ್ಲೂ ಕಾಣುವುದಿಲ್ಲ. ಬೇಕಾದ ದಿನ ಅಪ್ಪನೇ ಬಂದು ಕ್ರಯಪತ್ರಕ್ಕೆ ಸಹಿ ಹಾಕಲಿ. ಜಿಪಿಎ ಬರೆಸಿಕೊಂಡು ಹಣ ಕೊಟ್ಟ ಮಾತ್ರಕ್ಕೆ ಆಸ್ತಿ ಕೊಂಡಂತಾಗದು ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಹೇಳಿಯಾಗಿದೆ. ಲೆಕ್ಕದ ಮಾತೂ ಇದೆ. ಅಧಿಕಾರ ಪಡೆದವರು ಕೇಳಿದಾಗ ಲೆಕ್ಕ ಒಪ್ಪಿಸಬೇಕು ಎಂದು ಕರಾರು ಕಾಯ್ದೆಯ 213ನೇ ಕಲಮಿನಲ್ಲೇ ಇದೆ. ನೀವು ಕೇಳುವ ತನಕ ಕಾಯದೆ, ತಿಂಗಳಿಗೊಮ್ಮೆ ಬಾಡಿಗೆ-ಖರ್ಚಿನ ಪುಟದ ಫೋಟೊ ತೆಗೆದು ತಂಗಿಗೂ ತಮ್ಮನಿಗೂ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ. ಒಬ್ಬರ ಕೈಲಿ ಅಧಿಕಾರ ಇದ್ದಾಗ ಉಳಿದವರ ಮನಸ್ಸು ಮುರಿಯುವುದು ಹೆಚ್ಚಾಗಿ ಲೆಕ್ಕ ಕಾಣದಿದ್ದಾಗ.

ತಂಗಿಯ ವಿಷಯದಲ್ಲಿ ನಿಮ್ಮ ಚಿಕ್ಕಪ್ಪನ ಮಾತು ತಪ್ಪು, ಅದನ್ನು ಅವರಿಗೆ ಗೌರವದಿಂದಲೇ ಹೇಳಿ. ಜಮೀನು ಪಿತ್ರಾರ್ಜಿತವಾಗಿದ್ದರೆ 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಿಂದ ಮಗಳೂ ಹುಟ್ಟಿನಿಂದಲೇ ಸಹಪಾಲುದಾರಳು. ಮದುವೆಯಾದರೂ ಆ ಹಕ್ಕು ಹೋಗುವುದಿಲ್ಲ. ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಇದಕ್ಕೆ ಇದ್ದ ಗೊಂದಲವನ್ನೂ ತೆಗೆಯಿತು. ಇದರ ಇನ್ನೊಂದು ಮುಖವನ್ನೂ ಗಮನಿಸಿ. ಪಿತ್ರಾರ್ಜಿತದಲ್ಲಿ ಅಪ್ಪ ಕೊಡುವ ಅಧಿಕಾರ ಪತ್ರ ಅಪ್ಪನ ಅಧಿಕಾರದಷ್ಟಕ್ಕೇ. ಪಹಣಿ ಇನ್ನೂ ತಾತನ ಹೆಸರಲ್ಲಿದ್ದರೆ ಅಥವಾ ಚಿಕ್ಕಪ್ಪನ ಹೆಸರೂ ಜಂಟಿಯಾಗಿ ಕೂತಿದ್ದರೆ, ಹಿಸ್ಸೆ ಬಿಡಿಸಿ ಖಾತೆ ಮಾಡಿಸುವುದು ಅಧಿಕಾರ ಪತ್ರಕ್ಕಿಂತ ಮುಂಚಿನ ಕೆಲಸ. ಆ ಪತ್ರಗಳಿಗೆ ಅಪ್ಪನ ಸಹಿ ಬೇಕಾಗುವುದರಿಂದ ಅದೂ ಈಗಲೇ ಆಗಬೇಕು. ಮತ್ತೆ, ಕೊರಟಗೆರೆ ತುಮಕೂರಿಗೆ ನಿಮ್ಮೆಲ್ಲರಿಗಿಂತ ಹತ್ತಿರ. ಆಸ್ಪತ್ರೆಯ ಓಡಾಟ ಹೆಚ್ಚಾದಾಗ ಅಲ್ಲಿಗೆ ಮೊದಲು ತಲುಪುವವಳು ನಿಮ್ಮ ತಂಗಿ.

ನಿಮ್ಮ ಪತ್ರದಲ್ಲಿ ಅಮ್ಮ ಬರುವುದು ಒಂದೇ ಸಾಲಿನಲ್ಲಿ, ಮಾತ್ರೆ ಕೊಡುವವರಾಗಿ. ಮೂವರ ಹೆಸರು ಎಂದು ಲೆಕ್ಕ ಹಾಕುವಾಗ ಅಮ್ಮನ ಹೆಸರು ಯಾರಿಗೂ ಹೊಳೆದಿಲ್ಲ. ಅಪ್ಪನ ದುಡ್ಡು ಮೊದಲು ಬೇಕಾಗುವುದು ಅಮ್ಮನಿಗೇ: ಸಂತೆಗೆ, ಮಾತ್ರೆಗೆ, ರಾತ್ರಿ ನೋಡಿಕೊಳ್ಳಲು ಯಾರನ್ನಾದರೂ ಇಟ್ಟುಕೊಂಡರೆ ಅವರ ಕೂಲಿಗೆ. ಕಚೇರಿ ಅಲೆದಾಟವನ್ನು ಅಮ್ಮನ ಮೇಲೆ ಹೊರಿಸಬೇಡಿ, ಆದರೆ ಬ್ಯಾಂಕ್ ಖಾತೆಯಲ್ಲಿ ಮೊದಲ ಜಂಟಿ ಹೆಸರು ಅಮ್ಮನದೇ ಇರಲಿ.

ಸೋಲಾರ್ ಗುತ್ತಿಗೆ ನಿಮ್ಮ ಮನೆಯ ವ್ಯವಹಾರದಲ್ಲಿ ಅತಿ ಉದ್ದದ್ದು. ಸೌರ ವಿದ್ಯುತ್ ಅಭಿವೃದ್ಧಿ ನಿಗಮ ಐದು ಹಳ್ಳಿಗಳ ಸುಮಾರು 13,000 ಎಕರೆಯನ್ನು ರೈತರಿಂದ ಕೊಂಡುಕೊಳ್ಳದೆ 28 ವರ್ಷಕ್ಕೆ ಗುತ್ತಿಗೆ ಪಡೆಯಿತು. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರು, ಎರಡು ವರ್ಷಕ್ಕೊಮ್ಮೆ ಶೇಕಡ 5 ಏರಿಕೆ. ಭೂಮಿ ಕೈಬಿಡಲಿಲ್ಲ ಎಂಬುದು ಇದರ ದೊಡ್ಡ ಗುಣ. ಆದರೆ ಅವಧಿ ದೊಡ್ಡದು. ಗುತ್ತಿಗೆ ಮುಗಿಯುವ ವೇಳೆಗೆ ನಿಮ್ಮ ಅಪ್ಪನಿಗೆ ತೊಂಬತ್ತು ದಾಟಿರುತ್ತದೆ. ಅಷ್ಟು ವರ್ಷ ಆ ಹಣ ಅವರ ಖಾತೆಗೇ ಬೀಳುತ್ತದೆ. ಬೀಳುವುದು ನಿಲ್ಲುವುದಿಲ್ಲ, ಅದನ್ನು ತೆಗೆಯುವವರು ಯಾರು ಎಂಬುದೇ ಪ್ರಶ್ನೆ. ಹಾಗಾಗಿ ಆ ಖಾತೆಯನ್ನು ಅಪ್ಪ-ಅಮ್ಮನ ಜಂಟಿ ಖಾತೆಯಾಗಿ, ‘ಇಬ್ಬರಲ್ಲಿ ಯಾರಾದರೂ ಅಥವಾ ಬದುಕಿರುವವರು’ ಎಂಬ ಷರತ್ತಿನೊಂದಿಗೆ ಬದಲಿಸಿ, ನಿಗಮದ ದಾಖಲೆಯಲ್ಲೂ ಅದೇ ಖಾತೆ ಇರುವಂತೆ ಅಪ್ಪನ ಸಹಿಯಲ್ಲೇ ಅರ್ಜಿ ಕೊಡಿಸಿ. ಒಂದು ಎಚ್ಚರಿಕೆ: ಖಾತೆದಾರರಲ್ಲಿ ಒಬ್ಬರ ಬುದ್ಧಿ ಸ್ವಾಧೀನದಲ್ಲಿಲ್ಲ ಎಂಬ ತಿಳಿವಳಿಕೆ ಬ್ಯಾಂಕಿಗೆ ಬಂದರೆ ಜಂಟಿ ಖಾತೆಯನ್ನೂ ಅವರು ತಡೆಹಿಡಿಯಬಹುದು. ಆದ್ದರಿಂದ ಇಡೀ ಉಳಿತಾಯ ಅದೊಂದರಲ್ಲೇ ಕೂರದಿರಲಿ. ಅಪ್ಪ ಈಗಲೇ ಒಪ್ಪಿ ಅಮ್ಮನ ಹೆಸರಿನ ಖಾತೆಗೆ ಒಂದಷ್ಟು ವರ್ಗಾಯಿಸಲಿ. ನಾಮಿನಿ ಇದ್ದಾರಲ್ಲ ಎಂದು ಸುಮ್ಮನಾಗಬೇಡಿ. 2025ರ ನವೆಂಬರ್‌ನಿಂದ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದು, ಆದರೆ ನಾಮಿನಿಯ ಕೆಲಸ ಶುರುವಾಗುವುದು ಖಾತೆದಾರರು ತೀರಿಕೊಂಡ ಮೇಲೆ.

ಮಧುಗಿರಿ ಮನೆ ಅಪ್ಪನ ಸ್ವಯಾರ್ಜಿತ. ಅದರ ಬಗ್ಗೆ ಅವರು ಉಯಿಲು ಬರೆಯಬಹುದು, ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿದರೆ ಸಾಕು, ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಅಪ್ಪನ ಬುದ್ಧಿ ಹೋದ ಮೇಲೂ ನಡೆಯುವ ವ್ಯವಸ್ಥೆಯೇ ಬೇಕು ಎನ್ನುವುದಾದರೆ, ಅದಕ್ಕೆ ನಮ್ಮಲ್ಲಿ ಹತ್ತಿರದ್ದು 1882ರ ಭಾರತೀಯ ಟ್ರಸ್ಟ್ ಕಾಯ್ದೆಯಡಿಯ ಖಾಸಗಿ ಟ್ರಸ್ಟ್. ಮನೆಯನ್ನು ನೋಂದಾಯಿತ ಪತ್ರದ ಮೂಲಕ ಟ್ರಸ್ಟಿಗೆ ಬಿಟ್ಟು, ಅಪ್ಪ-ಅಮ್ಮ ಇರುವವರೆಗೆ ಬಾಡಿಗೆ ಅವರ ಆರೈಕೆಗೇ ಎಂದು ಬರೆದು, ನೀವು ಮೂವರೂ ಟ್ರಸ್ಟಿಗಳಾಗಬಹುದು. ಅಪ್ಪನ ಮನಃಸ್ಥಿತಿ ಏನಾದರೂ ಟ್ರಸ್ಟ್ ನಿಲ್ಲುವುದಿಲ್ಲ. ಇಲ್ಲೂ ಕಾಯ್ದೆಯ 48ನೇ ಕಲಂ ಎಲ್ಲ ಟ್ರಸ್ಟಿಗಳೂ ಕೂಡಿಯೇ ನಡೆಸಬೇಕು ಎನ್ನುತ್ತದೆ, ಪತ್ರದಲ್ಲಿ ಬೇರೆ ರೀತಿ ಬರೆಸಿದ್ದರೆ ಮಾತ್ರ ಸಡಿಲಿಕೆ. ಮುದ್ರಾಂಕದ ಖರ್ಚು, ತೆರಿಗೆ ಎರಡನ್ನೂ ವಕೀಲರ ಹತ್ತಿರ ಕೂತು ಲೆಕ್ಕ ಹಾಕಿ ನಿರ್ಧರಿಸಿ. ಒಂದು ಬಾಡಿಗೆ ಮನೆಗೆ ಇದು ಭಾರವಾಗಲೂಬಹುದು.

ಚಿಕಿತ್ಸೆಯ ವಿಷಯಕ್ಕೆ ಬೇರೆ ಕಾಗದ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಡಿ, ಮುಂದೆ ತನ್ನ ಪರವಾಗಿ ಮಾತಾಡುವ ಪ್ರತಿನಿಧಿಗಳನ್ನು ಆದ್ಯತೆಯ ಕ್ರಮದಲ್ಲಿ ಮುಂಚೆಯೇ ಹೆಸರಿಸಬಹುದು: ಮೊದಲು ಅಮ್ಮ, ಅವರಿಗಾಗದಿದ್ದರೆ ತಂಗಿ, ಆಮೇಲೆ ನೀವು. ಕಾಯ್ದೆಯ ವ್ಯಾಖ್ಯೆಯಲ್ಲಿ ನೆನಪಿನ ತೀವ್ರ ತೊಂದರೆಯ ಮಾತೂ ಇರುವುದರಿಂದ ನಿಮಗದು ಉಪಯೋಗಕ್ಕೆ ಬರುತ್ತದೆ. ಕೊನೆಗಾಲದಲ್ಲಿ ಕೃತಕ ಉಸಿರಾಟ ಬೇಕೋ ಬೇಡವೋ ಎಂಬುದಕ್ಕೆ, ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿ 2023ರಲ್ಲಿ ಸರಳಗೊಳಿಸಿದ ಮುಂಗಡ ಇಚ್ಛಾಪತ್ರವಿದೆ. ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿ ಸಾಕು, ಅದರಲ್ಲೂ ಒಬ್ಬರಿಗಿಂತ ಹೆಚ್ಚು ಬಂಧುಗಳ ಹೆಸರು ಬರೆಯಬಹುದು. ನಮ್ಮ ಆರೋಗ್ಯ ಇಲಾಖೆ 2025ರ ಜನವರಿಯಲ್ಲಿ ಇದರ ಜಾರಿಗೆ ಆದೇಶ ಹೊರಡಿಸಿದೆ. ಅಪ್ಪ ಆ ಮಾತಿಗೆ ಸಿದ್ಧರಿಲ್ಲವಾದರೆ ಒತ್ತಾಯಿಸಬೇಡಿ.

ಅಧಿಕಾರ ಪತ್ರದ ಸಹಿ ಪಾವಗಡದ ಉಪನೋಂದಣಾಧಿಕಾರಿ ಕಚೇರಿಯಲ್ಲೇ ಆಗಲಿ. 1908ರ ನೋಂದಣಿ ಕಾಯ್ದೆಯ 33ನೇ ಕಲಂ, ನೋಂದಣಿ ಕೆಲಸಕ್ಕೆ ಬೇಕಾದ ಅಧಿಕಾರ ಪತ್ರ ಕೊಡುವವರು ವಾಸವಿರುವ ಊರಿನ ಕಚೇರಿಯಲ್ಲೇ ದೃಢೀಕರಣವಾಗಬೇಕು ಎನ್ನುತ್ತದೆ. ಮನೆ ಮಧುಗಿರಿಯಲ್ಲಿದ್ದರೂ ಅಪ್ಪ ಪಾವಗಡದವರು ತಾನೇ. ಬರೀ ನೋಟರಿ ಮೊಹರಿನ ಕಾಗದ ಅಲ್ಲಿಗೆ ಸಾಲದು. ಪ್ರಯಾಣ ಕಷ್ಟವಾದರೆ ಅಧಿಕಾರಿಯೇ ಮನೆಗೆ ಬಂದು ವಿಚಾರಿಸುವ ಅವಕಾಶವೂ ಕಾಯ್ದೆಯಲ್ಲಿದೆ. ಅದಕ್ಕೆ ಅರ್ಜಿ, ಶುಲ್ಕ ಕಟ್ಟಬೇಕು. ಎದುರಿಗಿರುವವರ ಬುದ್ಧಿ ಸ್ಥಿಮಿತದಲ್ಲಿಲ್ಲ ಎನಿಸಿದರೆ ಅಧಿಕಾರಿ ನೋಂದಣಿ ನಿರಾಕರಿಸಬಹುದು. ಅದಕ್ಕೇ ಆ ವಾರದಲ್ಲೇ ತಜ್ಞ ವೈದ್ಯರಿಂದ, ಇಂಥ ಪತ್ರವನ್ನು ಅರ್ಥಮಾಡಿಕೊಂಡು ಸಹಿ ಹಾಕುವ ಸಾಮರ್ಥ್ಯ ಇವರಿಗಿದೆ ಎಂಬ ಪ್ರಮಾಣಪತ್ರ ತೆಗೆದುಕೊಳ್ಳಿ. ಕಾಯಿಲೆಯ ಹೆಸರು ಮಾತ್ರ ಬರೆದ ಚೀಟಿಯಿಂದ ಉಪಯೋಗವಿಲ್ಲ. ನಿಮ್ಮ ಕಡೆ ಬಹಳ ಮನೆಗಳಲ್ಲಿ ಆಡುವ ಮಾತು ತೆಲುಗು, ಬರೆಯುವ ಕಾಗದ ಕನ್ನಡ. ಅಪ್ಪನಿಗೆ ತೆಲುಗೇ ಸಲೀಸಾದರೆ ಪತ್ರವನ್ನು ತೆಲುಗಿನಲ್ಲಿ ವಿವರಿಸಿ, ಹಾಗೆ ವಿವರಿಸಲಾಯಿತು ಎಂದು ಕೊನೆಯಲ್ಲಿ ಬರೆಸಿ. ಸಾಕ್ಷಿಗಳು ಪತ್ರದಿಂದ ಲಾಭವಿಲ್ಲದ ಹೊರಗಿನವರಾಗಿರಲಿ.

ತಮ್ಮನ ಹೆಸರನ್ನು ಹಾಕಬಹುದು, ಆದರೆ ಅಲ್ಲಿಂದ ಅವನು ಮಾಡುವ ಕೆಲಸ ಕಡಿಮೆ. ಲೆಕ್ಕ ನೋಡುವ ಹೊಣೆ ಅವನಿಗೆ ಕೊಡಿ. ವಿಭಾಗಕ್ಕೋ ಹಿಸ್ಸೆಗೋ ಅವನ ಸಹಿ ಬೇಕಾದಾಗ ಅವನು ಲಂಡನ್‌ನ ಭಾರತೀಯ ಹೈಕಮಿಷನ್‌ನಲ್ಲಿ ತನ್ನದೇ ಅಧಿಕಾರ ಪತ್ರಕ್ಕೆ ಸಹಿ ಹಾಕಿ ಕಳಿಸಲಿ. ಅದು ಇಲ್ಲಿಗೆ ಮುಟ್ಟಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು, ಅದನ್ನು ಮರೆತು ಪತ್ರ ಕೆಡಿಸಿಕೊಳ್ಳುವವರು ಬಹಳ.

ನೀವು ಒಳ್ಳೆಯ ಮನಸ್ಸಿನಿಂದಲೇ ಬರೆದಿದ್ದೀರಿ ಎಂದು ನಂಬಿದ್ದೇನೆ. ಆದರೂ ಇದು ಓದುವ ಬೇರೆ ಮನೆಗಳಿಗಾಗಿ ಹೇಳುತ್ತೇನೆ: ನೋಡಿಕೊಳ್ಳುತ್ತೇವೆ ಎಂಬ ಷರತ್ತಿನ ಮೇಲೆ ಆಸ್ತಿ ಬರೆಸಿಕೊಂಡು ಕೈಬಿಟ್ಟರೆ, 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಮಿನಡಿ ಆ ಪತ್ರವನ್ನೇ ರದ್ದು ಮಾಡಿಸಬಹುದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕಕ್ಕೂ ಆ ಅರ್ಜಿ ಹೋಗುವುದು ಮಧುಗಿರಿಯ ಉಪವಿಭಾಗಾಧಿಕಾರಿಯವರಿಗೆ. ಹಿರಿಯರ ಸಹಾಯವಾಣಿ 14567. ವಕೀಲರ ಶುಲ್ಕ ಭರಿಸಲಾಗದವರಿಗೆ ತಾಲ್ಲೂಕು ನ್ಯಾಯಾಲಯದ ಕಾನೂನು ಸೇವಾ ಸಮಿತಿ ಇದೆ. ಹೆಣ್ಣುಮಕ್ಕಳಿಗೆ, ಪರಿಶಿಷ್ಟರಿಗೆ ಆದಾಯ ಎಷ್ಟೇ ಇರಲಿ ಅಲ್ಲಿ ನೆರವು ಉಚಿತ, ಫೋನ್ 15100.

ಈ ವಾರ ನೀವು ಮಾಡಬೇಕಾದ್ದು ಇಷ್ಟು. ಪಹಣಿ, ಗುತ್ತಿಗೆ ಪತ್ರ, ಮನೆಯ ಕ್ರಯಪತ್ರ ಮೂರರ ನಕಲು ತೆಗೆಯಿರಿ. ಭಾನುವಾರ ಅಂಗಡಿ ಬಾಗಿಲು ಹಾಕಿ ಊರಿಗೆ ಹೋಗಿ, ಹೋಗುವ ಮುಂಚೆ ತಂಗಿಗೂ ಫೋನ್ ಮಾಡಿ ಅವಳನ್ನೂ ಬರಹೇಳಿ. ಅಪ್ಪನ ಮಾತು ಮುಗಿದ ಮೇಲೆಯೇ ವಕೀಲರನ್ನು ನೋಡಿ.